ಜನವರಿಯ ಬೆವರು

ದೆಹಲಿಯ ಜನವರಿಯಲ್ಲಿ ಯಾರಾದರೂ ಬೆವರುತ್ತಾರೆಯೇ? ಚಂದ್ರಮೋಹನನ ತಲೆಯಲ್ಲಿ ಹುಳ ಬಿಟ್ಟದ್ದು ಈ ಪ್ರಶ್ನೆಯೇ. ಆರ್.ಕೆ.ಪುರಂ ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ರಜಾಯಿಯೊಳಗೆ ಮುದುಡಿರುವಾಗ ಅವನ ಹೆಂಡತಿ ರತ್ನಪ್ರಭಾ ಇದ್ದಕ್ಕಿದ್ದಂತೆ ಶಾಲು ಕಿತ್ತೆಸೆದು ಬಾಲ್ಕನಿಗೆ ಓಡುತ್ತಿದ್ದಳು. ಒಳಗೆ ಬಂದಾಗ ಮುಖ ಕೆಂಪಗೆ, ಕತ್ತಿನ ಸುತ್ತ ಬೆವರು. ಕೇಳಿದರೆ, "ಏನಿಲ್ಲ ರೀ, ಸ್ವಲ್ಪ ಗಾಳಿ ಬೇಕಿತ್ತು" ಅನ್ನುವಳು.

ಏನಿಲ್ಲವಂತೆ! ಬೇರೆ ಗಂಡಂದಿರು ನಂಬಿಯಾರು. ಚಂದ್ರಮೋಹನ ಸರ್ಕಾರದ ವಿಜಿಲೆನ್ಸ್ ವಿಭಾಗದಲ್ಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ಎದುರು ಕೂತ ನೌಕರ ಗೊತ್ತಿಲ್ಲ ಅಂದರೆ ಸಾಕು, ಗೊತ್ತಿಲ್ಲ ಅನ್ನೋದು ಉತ್ತರವೇ ಅಲ್ಲ ಎಂದು ವಿಚಾರಣೆಯನ್ನು ಮತ್ತೆ ಮೊದಲಿಂದ ಶುರು ಮಾಡುವ ಆಸಾಮಿ. ಈಗ ಮನೆಯಲ್ಲೂ ಅದೇ ಕಸುಬು ಹಿಡಿದ.

ಸಾಕ್ಷಿಗಳಿಗೇನು ಬರವಿರಲಿಲ್ಲ. "ನಿಮ್ಮ ಪಕ್ಕ ಮಲಗಿದರೆ ಸೆಕೆ" ಎಂದು ಅವಳು ಹಾಸಿಗೆಯನ್ನು ಮಗಳು ಧನ್ಯಾಳ ಕೋಣೆಗೆ ಒಯ್ದಿದ್ದಳು. ಬುಧವಾರ ಗೆಳತಿ ಪದ್ಮಾ ಜೊತೆ ಸೀರೆ ನೋಡಲೆಂದು ಕರೋಲ್ ಬಾಗ್‌ಗೆ ಹೋದವಳು ಬರಿಗೈಯಲ್ಲಿ ಬಂದಳು. ಅಲ್ಲ ಸ್ವಾಮಿ, ಕರೋಲ್ ಬಾಗ್‌ಗೆ ಹೋದವರು ಒಂದು ಕರ್ಚೀಫನ್ನೂ ತಾರದೆ ಬರುವುದುಂಟೆ? ಇಷ್ಟು ವರ್ಷ ಜೊತೆಗೆ ಬಾಳಿದವಳು ಕೈತಪ್ಪಿ ಹೋಗುತ್ತಿದ್ದಾಳೆ, ಯಾರೋ ಇದ್ದಾರೆ ಎಂದು ಅವನು ರಾತ್ರಿಯೆಲ್ಲ ಹೊರಳಾಡಿದ. ಮಗಳನ್ನು ಕೆದಕಿದರೆ ಅವಳು, "ಪಪ್ಪಾ, ಮಮ್ಮಿ ಕೋ ಛೋಡೋ ನಾ, ಬಿಟ್ಬಿಡಿ! ನೀವು ಮೊದಲು ನಿಮ್ಮ ಚಪ್ಪಲಿ ನೋಡ್ಕೊಳ್ಳಿ" ಎಂದು ನಕ್ಕಳು.

ಚಪ್ಪಲಿಯದು ಬೇರೆ ಕಥೆ. ಮೊನ್ನೆ ಹಾಲು ತರಲು ಹೋಗುವಾಗ ಎಡಗಾಲಿನ ಚಪ್ಪಲಿ ಮೆಟ್ಟಿಲಲ್ಲೇ ಕಳಚಿ ಬಿದ್ದಿತ್ತು. ಚೌಕೀದಾರ "ಸಾಬ್, ಚಪ್ಪಲ್!" ಎಂದು ಹಿಂದೆ ಓಡಿ ಬರುವವರೆಗೂ ಇವನಿಗೆ ಗೊತ್ತೇ ಇಲ್ಲ. "ಚಳಿಗೆ ಕಾಲು ಜೋಮು ಹಿಡಿದಿದೆ" ಎಂದು ಇವನು; "ಜೋಮಲ್ಲ, ಶುಗರ್ರು. ಮೊದಲು ಡಾಕ್ಟರಿಗೆ ತೋರಿಸಿ" ಎಂದು ರತ್ನಪ್ರಭಾ. "ನನ್ನದು ಬಾರ್ಡರ್‌ನಲ್ಲಿದೆ ಕಣೆ, ಅಷ್ಟೇ" ಎಂದು ಅವಳ ಬಾಯಿ ಮುಚ್ಚಿಸಿದ್ದ. ಮಾತು ಮರೆಸಲು ಅವಳು ಹೂಡಿದ ಆಟ ಅದು ಎಂದೇ ಅವನ ಲೆಕ್ಕ.

ಭಾನುವಾರ ಮಧ್ಯಾಹ್ನವಾದರೂ ಕಿಟಕಿಯಾಚೆ ಮಂಜು ಕರಗಿರಲಿಲ್ಲ. ಧನ್ಯಾ ಮನೆಯಲ್ಲಿರಲಿಲ್ಲ. ಉಣ್ಣೆಯ ಕಾಲುಚೀಲ ಹಾಕಿಕೊಂಡು, ರಾಡ್ ಹೀಟರನ್ನು ಕಾಲ ಬುಡಕ್ಕೆ ಎಳೆದುಕೊಂಡು, ಚಂದ್ರಮೋಹನ ಪೇಪರಿನ ಮರೆಯಲ್ಲಿ ಕಿವಿ ನಿಮಿರಿಸಿ ಕೂತ. ಬಾಲ್ಕನಿಯ ಬಾಗಿಲು ಅರೆ ತೆರೆದಿತ್ತು. ರತ್ನಪ್ರಭಾ ಫೋನಿನಲ್ಲಿ ಪಿಸುಗುಡುತ್ತಿದ್ದಳು.

"ಒಳಗಿಂದ ಬೆಂಕಿ ಎದ್ದ ಹಾಗಾಗುತ್ತೆ ಕಣೇ ಪದ್ಮಾ... ಅಯ್ಯೋ, ಇವರಿಗೆ ಹೇಳಿಲ್ಲ, ಹೇಳೋದೂ ಇಲ್ಲ... ಹ್ಞೂ, ಈ ಬುಧವಾರವೂ ಬಾ ಅಂದಿದ್ದಾರೆ."

ಅಂದಿದ್ದಾರೆ! ಯಾರು? ಚಂದ್ರಮೋಹನನ ಕೈಯಲ್ಲೇ ಪೇಪರು ಮುದ್ದೆಯಾಯಿತು.

ಅವಳು ಒಳಗೆ ಬಂದವಳೇ ಮೂಗರಳಿಸಿದಳು. "ಏನೋ ಸುಟ್ಟ ವಾಸನೆ."

"ಮಾತು ಮರೆಸಬೇಡ. ಬುಧವಾರ ಬಾ ಅಂದದ್ದು ಯಾರು?"

"ರೀ, ಉಣ್ಣೆ ಸುಡ್ತಾ ಇದೆ—"

"ಯಾರು ಅಂತ ಕೇಳಿದೆ!"

"ಅಯ್ಯೋ ದೇವರೇ, ಕಾಲು!"

ಅವನು ಬಗ್ಗಿ ನೋಡಿದ. ಎಡಗಾಲು ಹೀಟರಿನ ಜಾಲರಿಗೆ ಒರಗಿತ್ತು. ಕಾಲುಚೀಲ ಕಪ್ಪಾಗಿ ಹೊಗೆಯಾಡುತ್ತಿತ್ತು. ಅವಳೇ ಕಾಲನ್ನು ಈಚೆ ಎಳೆದು, ಸ್ವಿಚ್ಚು ಆರಿಸಿ, ಬಕೆಟ್ಟಿನಲ್ಲಿ ನೀರು ತಂದು ಅದರೊಳಗಿಟ್ಟಳು. ಕಾಲುಚೀಲ ಮೆಲ್ಲಗೆ ಸುಲಿದರೆ ಪಾದದ ಅಂಚಿನಲ್ಲಿ ದೊಡ್ಡ ಬೊಬ್ಬೆ. ನೋಡಿದ ಅವಳ ಕಣ್ಣಲ್ಲಿ ನೀರು ಬಂತು, ಕಾಲಿನ ಯಜಮಾನನಿಗೆ ಚುರ್ರೆನ್ನಲೂ ಇಲ್ಲ.

"ನೋವಿಲ್ವಾ?"

"ಇಲ್ಲ" ಅಂದ. ಹಾಗಂದ ಮೇಲೆಯೇ ಅವನಿಗೆ ಹೆದರಿಕೆಯಾದದ್ದು.

ರತ್ನಪ್ರಭಾ ನೆಲದ ಮೇಲೆ ಕೂತು ಕಾಲೊರೆಸಲು ಬಟ್ಟೆ ಎತ್ತಿಕೊಂಡಳು. "ಬಾ ಅಂದದ್ದು ಕರೋಲ್ ಬಾಗಿನ ಲೇಡಿ ಡಾಕ್ಟರು. ಮುಟ್ಟು ನಿಲ್ಲೋ ಕಾಲ ನನಗೆ. ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾದರೆ ಹೀಗೇ ಮೈಯೆಲ್ಲ ಹತ್ತಿ ಉರಿಯುತ್ತಂತೆ, ಹಾಟ್ ಫ್ಲಶ್ ಅಂತಾರೆ. ಹೇಳಿದ್ದರೆ ನನ್ನನ್ನೂ ಕೂರಿಸಿಕೊಂಡು ವಿಚಾರಣೆ ಮಾಡ್ತಿದ್ದಿರಿ. ಅದಕ್ಕೇ ಹೇಳಲಿಲ್ಲ."

ಚಂದ್ರಮೋಹನನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಕಾಲನ್ನು ಒರೆಸಿ ಮಡಿಲಿಗಿಟ್ಟುಕೊಂಡಳು. ಈಗ ಸಂಶಯದ ಕಣ್ಣು ಅವಳದು.

"ಕಣ್ಣು ಮುಚ್ಚಿ. ಯಾವ ಬೆರಳು ಹಿಡಿದಿದ್ದೀನಿ, ಹೇಳಿ."

"ಹೆಬ್ಬೆರಳು" ಅಂದ, ಆಫೀಸಿನ ಗತ್ತಿನಲ್ಲೇ.

"ನಾನಿನ್ನೂ ಮುಟ್ಟೇ ಇಲ್ಲ ರೀ."

ಹೀಟರು ಆರಿ ಮನೆ ತಣ್ಣಗಾಗುತ್ತಿತ್ತು. ಅವನು ಕುರ್ಚಿಯ ಕೈ ಬಿಗಿಹಿಡಿದ.

"ಈಗ ಹಿಡಿದಿದ್ದೀನಿ. ಗಟ್ಟಿಯಾಗಿ ಹಿಡಿದಿದ್ದೀನಿ. ಯಾವುದು?"

ಅವನು ಬಹಳ ಹೊತ್ತು ಕಾದ. ಮೈಯ ಆ ತುದಿಯಿಂದ ಯಾವ ಸುದ್ದಿಯೂ ಬರಲಿಲ್ಲ.

"ಗೊತ್ತಿಲ್ಲ ಕಣೆ" ಅಂದ.