ನಡುವಿನ ಪೀಠ

ಶಾಲಾ ಕಲೋತ್ಸವದ ಒಪ್ಪನದಲ್ಲಿ, ಮಾಪಿಳ್ಳೆಯರ ಆ ಮದುವೆಯ ಹಾಡು-ಕುಣಿತದಲ್ಲಿ, ಮದುಮಗಳಾಗುವವಳಿಗೆ ಕೆಲಸವಿಲ್ಲ. ಬಾಡಿಗೆಯ ಒಡವೆ ಹೇರಿಕೊಂಡು ನಡುವಿನ ಪೀಠದಲ್ಲಿ ಕೂತಿರಬೇಕು. ಗೆಳತಿಯರು ಸುತ್ತ ನಿಂತು ಕೈತಟ್ಟಿ, ಹಾಡಿ, ಹೊಗಳಿ, ಕೆಣಕಿದಾಗ ನಾಚಿ ನಗಬೇಕು, ಅಷ್ಟೆ. ಹಾಗಿದ್ದೂ ಮಾರನೆಯ ದಿನ ಪೇಪರಿನಲ್ಲಿ ಬರುವುದು ಅವಳ ಮುಖ. ಉಳಿದವರದು ಬೆನ್ನು, ತಲೆವಸ್ತ್ರ, ಮೊಣಕೈ.

ಸಫ್ವಾನಾ ಐದನೇ ಕ್ಲಾಸಿನಿಂದಲೂ ಮೊಣಕೈಯಾಗಿಯೇ ಉಳಿದಿದ್ದಳು.

"ಇದ್ರಲ್ಲಿ ನೀನೆಲ್ಲಿದ್ದೀ ಮೋಳೇ?" ಎಂದು ಉಮ್ಮ ಕನ್ನಡಕ ಏರಿಸಿಕೊಂಡು ಕೇಳುತ್ತಿದ್ದಳು. ಸಫ್ವಾನಾ ಬೆರಳಿಟ್ಟು ತೋರಿಸುತ್ತಿದ್ದಳು.

"ಇದು ನಿನ್ನದೇ ಕೈ ಅಂತ ಎಂತ ಗ್ಯಾರಂಟಿ?"

"ಬಳೆ ನೋಡುಮ್ಮಾ."

ಉಮ್ಮ ಚಿತ್ರ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುತ್ತಿದ್ದಳು. ಯಾರದೋ ಮಗಳ ಮುಖ ಅವರ ಅಡುಗೆಮನೆಯಲ್ಲಿ ವರ್ಷವಿಡೀ ನಗುತ್ತಿತ್ತು.

ಈಗ ಪ್ಲಸ್ ಟೂ, ಹನ್ನೆರಡನೇ ಕ್ಲಾಸು. ಇದೇ ಕೊನೆಯ ಕಲೋತ್ಸವ. ಒಪ್ಪನ ಕಲಿಸುವ ಸೈದಲವಿ ಮಾಷ್ ಹೋದ ವರ್ಷವೇ, "ಬರುವ ಸಲ ನಡುವೆ ನೀನೇ ಕೂರು" ಎಂದಿದ್ದರು. ಆ ಮಾತನ್ನು ಸಫ್ವಾನಾ ಯಾರಿಗೂ ಹೇಳದೆ ಹರಕೆಯ ಹಾಗೆ ಕಾಪಾಡಿಕೊಂಡಿದ್ದಳು. ಹೇಳಿದ್ದು ರಿನ್ಷಾ ಒಬ್ಬಳಿಗೆ.

ರಿನ್ಷಾಳ ಮನೆ ಬೇಲಿಯಾಚೆ. ಮದ್ರಸಕ್ಕೆ ಹೋಗುವಾಗಿನಿಂದ ಇಬ್ಬರದೂ ಒಂದೇ ಕೊಡೆ. ಅವಳಿಗೆ ತಾಳವೆಂಬುದು ಹತ್ತಿರವೂ ಸುಳಿಯದು. ಆದರೂ ಕೊನೆಯ ವರ್ಷ ಗೆಳತಿ ಜೊತೆಗಿರಲಿ ಎಂದು ಸಫ್ವಾನಾ ಓಣಂ ರಜೆಯಿಡೀ ಅಡುಗೆಮನೆಯ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿಕೊಂಡು ಕೈತಟ್ಟಲು ಕಲಿಸಿದಳು. ಅಂಗೈ ಕೆಂಪಾಯಿತು, ಕಲಿತದ್ದು ಅಷ್ಟಕ್ಕಷ್ಟೆ. ಹೇಗೋ ತಂಡಕ್ಕೆ ಸೇರಿಸಿದಳು.

ಮೊದಲ ದಿನವೇ ಮಾಷ್ ಹಾಡು ನಿಲ್ಲಿಸಿದರು.

"ಯಾರದು, ಎಲ್ಲರೂ ಉಂಡು ಕೈ ತೊಳೆದ ಮೇಲೆ ಊಟಕ್ಕೆ ಬರೋದು?"

ಎಲ್ಲರೂ ನಕ್ಕರು. ರಿನ್ಷಾ ಮೆಲ್ಲಗೆ ಕೈ ಎತ್ತಿದಳು. ಮಾಷ್ ಬೈಯಲು ಹತ್ತಿರ ಬಂದವರು ಅವಳ ಮುಖ ನೋಡುತ್ತ ನಿಂತರು. ಬೈಗುಳ ಬರಲಿಲ್ಲ. "ನೀನು ತಟ್ಟೋದೇ ಬೇಡ. ಹೋಗಿ ನಡುವೆ ಕೂರು," ಎಂದರು.

ರಿನ್ಷಾ ಸಫ್ವಾನಾಳ ಕಡೆ ತಿರುಗಿ ನೋಡಿದಳು. ಆಮೇಲೆ ಹೋಗಿ ಕೂತಳು. ಬೇಡ ಮಾಷ್, ಅದು ಅವಳ ಜಾಗ, ಎನ್ನಲು ಬಾಯಿತ್ತಲ್ಲ ಅವಳಿಗೆ? ಸಫ್ವಾನಾ ಕಾದಳು. ರಿನ್ಷಾ ಸ್ಕರ್ಟಿನ ನೆರಿಗೆ ಸರಿಮಾಡಿಕೊಂಡಳು.

ಸಂಜೆ ಸಫ್ವಾನಾ ಗೇಟಿನ ಬಳಿ ಮಾಷ್‌ರನ್ನು ನಿಲ್ಲಿಸಿದಳು. "ಹೋದ ವರ್ಷ ನೀವು ಹೇಳಿದ್ರಿ..."

"ಮರೆತಿಲ್ಲ ಮೋಳೇ. ನಿನ್ನನ್ನು ಕೂರಿಸಿದ್ರೆ ಹಾಡನ್ನು ಎತ್ತಿಕೊಡೋರು ಯಾರು? ಮದುಮಗಳೇ ಬಾಯಿ ಬಿಟ್ಟು ಹಾಡಿದ್ರೆ ಮದುಮಗ ಪಂದಲು ಹಾರಿ ಓಡ್ತಾನೆ." ತಮ್ಮ ಮಾತಿಗೆ ತಾವೇ ನಕ್ಕು ಸ್ಕೂಟರ್ ಹತ್ತಿದರು.

ಬಂದ ವಿದ್ಯೆಯೇ ಬೇಲಿಯಾಯಿತು. ಬಾರದವಳಿಗೆ ಪೀಠ ಸಿಕ್ಕಿತು.

"ನಿಂಗೆ ಬೇಜಾರಾ?" ಎಂದು ದಾರಿಯಲ್ಲಿ ರಿನ್ಷಾ ಕೇಳಿದಳು.

"ನಂಗೆಂತಕ್ಕೆ ಬೇಜಾರು, ಮಾರಾಯ್ತಿ?"

"ಅಲ್ಲ, ಸುಮ್ಮನೆ ಕೇಳಿದೆ."

ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರ ಸಿಕ್ಕಿತು. ಆ ದಿನ ಕೊಡೆ ಸಫ್ವಾನಾಳ ಕಡೆಗೆ ಸ್ವಲ್ಪ ಹೆಚ್ಚೇ ವಾಲಿತು.

ಪೀಠವೇನೋ ಸಿಕ್ಕಿತು, ಆದರೆ ರಿನ್ಷಾಳಿಗೆ ನಾಚಲು ಬರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವಳಂತೆ ಕೂತಿರುತ್ತಿದ್ದಳು. "ನಗು, ಮದುವೆ ನಿಂದು," ಎಂದು ಮಾಷ್ ತಲೆ ಚಚ್ಚಿಕೊಂಡರು. ಆಗಲೂ ದಾರಿ ತೋರಿಸಿದ್ದು ಸಫ್ವಾನಾಳೇ. ಹಾಡು ಎತ್ತಿಕೊಡುವವಳು ಎರಡು ಸಲ ಮದುಮಗಳ ಎದುರಿಗೆ ಬಾಗಬೇಕು, ಆಗ ಅವಳ ಬೆನ್ನು ತೀರ್ಪುಗಾರರ ಕಡೆಗಿರುತ್ತದೆ. ಹಾಗೆ ಬಾಗಿದಾಗ ಅವಳು ತಂಡವನ್ನು ನೋಡಿಕೊಳ್ಳುವ ಜಲಜಾ ಟೀಚರಾದಳು. ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಮೂಗಿನ ತುದಿಯಿಂದ ಮೊಬೈಲ್ ಓದುವ ಆ ಮುಖ. ರಿನ್ಷಾ ಕೆಳತುಟಿ ಕಚ್ಚಿದಳು, ಗದ್ದ ಎದೆಗೆ ತಾಗಿತು, ಭುಜ ಸಣ್ಣಗೆ ಕುಲುಕಿತು.

"ಅದೇ! ನೋಡಿ ಟೀಚರ್," ಎಂದು ಮಾಷ್ ಸ್ವತಃ ಜಲಜಾ ಟೀಚರನ್ನೇ ಕರೆದು ತೋರಿಸಿದರು, "ಇಂಥ ನಾಚಿಕೆ ಕಲಿಸಿದ್ರೆ ಬರೋದಿಲ್ಲ. ಹುಟ್ಟಿನಿಂದ ಬರಬೇಕು."

ಹುಟ್ಟಿನಿಂದ. ದಿನವೂ ಅಭ್ಯಾಸದಲ್ಲಿ ಸಫ್ವಾನಾ ಆ ಮುಖ ಮಾಡುತ್ತಿದ್ದಳು, ದಿನವೂ ರಿನ್ಷಾ ನಗುತ್ತಿದ್ದಳು, ದಿನವೂ ಹೊಗಳಿಕೆ ಪೀಠಕ್ಕೆ ಸಲ್ಲುತ್ತಿತ್ತು. ತಾನು ಬಿತ್ತುವುದು, ಅವಳು ಕೊಯ್ಯುವುದು. ಇದು ಸಫ್ವಾನಾಳಿಂದ ಬಂದ ನಗು ಎಂದು ರಿನ್ಷಾ ಒಂದು ಸಲವಾದರೂ ಯಾರಿಗಾದರೂ ಹೇಳಿದ್ದರೆ ಸಾಕಿತ್ತು.

ಉಪಜಿಲ್ಲಾ ಕಲೋತ್ಸವದ ದಿನ ಬಣ್ಣದ ಕೋಣೆಯಲ್ಲಿ ಎಲ್ಲರೂ ರಿನ್ಷಾಳ ಸುತ್ತ. ಅವಳ ಕೈಯ ಬಣ್ಣ ಕೆಡಬಾರದೆಂದು ಬಿರಿಯಾನಿಯನ್ನು ಸ್ಪೂನಿನಲ್ಲಿ ತಿನ್ನಿಸಲು ಒಬ್ಬಳು, ಬೀಸಣಿಗೆ ಹಿಡಿಯಲು ಒಬ್ಬಳು. ಸಫ್ವಾನಾ ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಅವಳ ತಲೆವಸ್ತ್ರ ಕೂರಿಸುತ್ತಿದ್ದಳು.

"ನಿಮಗೇನು, ಹಾಡಿ ಕುಣಿದ್ರೆ ಮುಗೀತು," ಎಂದಳು ರಿನ್ಷಾ, ಕನ್ನಡಿಯಲ್ಲಿ ತನ್ನನ್ನೇ ನೋಡುತ್ತ. "ಸುಮ್ಮನೆ ಕೂರೋದು ಎಷ್ಟು ಕಷ್ಟ ಗೊತ್ತುಂಟಾ? ಎಲ್ಲರ ಕಣ್ಣೂ ನನ್ನ ಮೇಲೆ."

ಸಫ್ವಾನಾ ಒಡವೆ ಎಳೆಯಲಿಲ್ಲ, ಪಿನ್ನು ಚುಚ್ಚಲಿಲ್ಲ. ಎಲ್ಲವನ್ನೂ ಒಪ್ಪವಾಗಿ ಸಿಕ್ಕಿಸಿದಳು. ಎಲ್ಲರ ಕಣ್ಣೂ ಇರಲಿ, ಎಂದುಕೊಂಡಳು. ನನ್ನ ಎರಡು ಬಿಟ್ಟು.

ಪರದೆ ಎದ್ದಿತು. ಹಾಡು ಮೊದಲಾಯಿತು. ಎದುರಿಗೆ ಬಾಗುವ ಹೊತ್ತು ಬಂದಾಗ ಸಫ್ವಾನಾ ಬಾಗಿದಳು, ಆದರೆ ಅವಳ ದೃಷ್ಟಿ ರಿನ್ಷಾಳ ಕಿವಿಯ ಪಕ್ಕದಿಂದ ಹಾದು ಹಿಂದಿನ ಪರದೆಗೆ ನಾಟಿತ್ತು. ನಿನ್ನ ಮುಖ ಹುಣ್ಣಿಮೆ ಎನ್ನುವ ಸಾಲನ್ನು ಅವಳು ಪರದೆಗೆ ಹಾಡಿದಳು. ಕಣ್ಣಂಚಿನಲ್ಲಿ ರಿನ್ಷಾ ಕಾಯುವುದು ಕಾಣುತ್ತಿತ್ತು. ನಗು ಸಿದ್ಧವಾಗಿ ತುಟಿಯವರೆಗೆ ಬಂದು ನಿಂತಿತ್ತು, ಬಾಗಿಲು ತೆರೆಯುವವರಿಲ್ಲ.

ಎರಡನೆಯ ಸಲ ಬಾಗಿದಾಗ ರಿನ್ಷಾ ತಲೆ ಎತ್ತಿಯೇಬಿಟ್ಟಳು, ಮದುಮಗಳು ಎತ್ತಬಾರದಷ್ಟು. ಸಫ್ವಾನಾಳ ಕಣ್ಣನ್ನು ಹುಡುಕಿದಳು. ಸಫ್ವಾನಾ ಕೊಡಲಿಲ್ಲ. ಒಳಗೆ ಏನೋ ತಣ್ಣಗಾಯಿತು, ಸುಟ್ಟ ಗಾಯಕ್ಕೆ ಎಣ್ಣೆ ಸವರಿದ ಹಾಗೆ. ಕೂರು, ಈಗ ಹುಟ್ಟಿನಿಂದ ಬಂದದ್ದನ್ನು ತೋರಿಸು.

ಆಗ ರಿನ್ಷಾಳ ಕಣ್ಣು ತುಂಬಿತು. ಒಂದು ಹನಿ ಕೆನ್ನೆಯ ಪುಡಿಯ ಮೇಲೆ ಗೆರೆ ಎಳೆಯುತ್ತ ಇಳಿಯಿತು. ತಲೆ ತಾನಾಗಿ ಬಾಗಿತು. ಸಭೆಯಲ್ಲಿ ಹೆಂಗಸರ ಸಾಲಿನಿಂದ ಯಾರೋ "ಯಾ ರಬ್ಬೇ" ಎಂದದ್ದು ವೇದಿಕೆಗೂ ಕೇಳಿಸಿತು.

ಮೊದಲ ಸ್ಥಾನ, ಎ ಗ್ರೇಡ್. ತೀರ್ಪುಗಾರ್ತಿಯೊಬ್ಬರು ಮೈಕ್ ಹಿಡಿದು, ಮದುಮಗಳೆಂದರೆ ನಗುವುದಷ್ಟೇ ಎಂದು ಎಲ್ಲ ಶಾಲೆಯವರೂ ತಿಳಿದಿದ್ದಾರೆ, ತವರು ಬಿಡುವವಳ ಕಣ್ಣೀರನ್ನು ಈ ಮಗು ತೋರಿಸಿತು, ಎಂದರು. ಮಾಷ್ ಓಡಿ ಬಂದರು.

"ಎಂತ ಮಾಡಿದ್ರಿ ಮಕ್ಕಳೇ ನೀವು? ಇದು ನಾನು ಕಲಿಸಿದ್ದೇ ಅಲ್ಲ. ಜಿಲ್ಲೆಯಲ್ಲೂ ಇದೇ ಬೇಕು, ಇದೇ ಹನಿ, ಇದೇ ಜಾಗದಲ್ಲಿ."

ಎಲ್ಲರೂ ಮತ್ತೆ ರಿನ್ಷಾಳನ್ನು ಮುತ್ತಿಕೊಂಡರು. ಸಫ್ವಾನಾ ಸೋಲಿಸಲು ಹೊರಟದ್ದೂ ಅವಳಿಗೇ ಕಿರೀಟವಾಗಿತ್ತು. ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ, ಆದರೆ ಅದರ ಪಕ್ಕದಲ್ಲೇ ಹೆದರಿಕೆಯೊಂದು ಬಂದು ಕೂತಿತ್ತು. ಆ ಹನಿ ನಟನೆಯಲ್ಲವೆಂದು ಆ ಸಭೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.

ನಲ್ಲಿಯ ಬಳಿ ಬಣ್ಣ ತೊಳೆಯುವಾಗ ಇಬ್ಬರೇ ಸಿಕ್ಕರು.

"ಹಾಡಿನ ಪದ ತಪ್ಪೀತು ಅಂತ ಭಯ ಆಗಿ..." ಸಫ್ವಾನಾ ಶುರುಮಾಡಿದಳು.

"ನೀನು ಪದ ತಪ್ಪೋದಾ?" ರಿನ್ಷಾ ಮುಖಕ್ಕೆ ನೀರು ಎರಚಿಕೊಂಡಳು. "ಮೊದಲ ಸಲ ಮರೆತಿದ್ದೀ ಅಂದ್ಕೊಂಡೆ. ಎರಡನೇ ಸಲ ಗೊತ್ತಾಯ್ತು."

"ಹಾಗಲ್ಲ ಕಣೇ."

"ನೀನೇ ಕೂರ್ತೀಯಾ ಅಂತ ಕೇಳೋಣ ಅಂತಿದ್ದೆ, ಆವತ್ತು ದಾರಿಯಲ್ಲಿ. ಬೇಜಾರಿಲ್ಲ ಅಂದಿಯಲ್ಲ, ನಂಗೂ ಆಸೆ ಆಯ್ತು. ಆಸೆ ಪಟ್ಟದ್ದು ತಪ್ಪಾ?"

ಅಷ್ಟರಲ್ಲಿ ಜಲಜಾ ಟೀಚರ್ ಬಸ್ಸು ಹೊರಡುತ್ತದೆಂದು ಕೂಗಿದರು. ಬಸ್ಸಿನಲ್ಲಿ ರಿನ್ಷಾ ಕಿಟಕಿಯ ಪಕ್ಕ ಕೂತು, ಮಗ್ಗುಲಿಗೆ ಒಡವೆಯ ಪೆಟ್ಟಿಗೆ ಇಟ್ಟುಕೊಂಡಳು.

ಸೋಮವಾರ ಅಭ್ಯಾಸ. ಸಫ್ವಾನಾ ಮನಸ್ಸಿನಲ್ಲೇ ಒಂದು ನಿರ್ಧಾರ ಮಾಡಿಕೊಂಡು ಬಂದಿದ್ದಳು. ಮಾಷ್ ಏನೇ ಹೇಳಲಿ, ತಾನು ನೋಡುವುದೇ, ಆ ಮುಖ ಮಾಡುವುದೇ, ಅವಳನ್ನು ನಗಿಸುವುದೇ. ಹಾಡು ಎದ್ದಿತು. ಅವಳು ಬಾಗಿದಳು, ಗದ್ದ ಎತ್ತಿದಳು, ಕಣ್ಣು ಕಿರಿದು ಮಾಡಿದಳು. ಹಿಂದೆಂದೂ ಇಷ್ಟು ಚೆನ್ನಾಗಿ ಜಲಜಾ ಟೀಚರ್ ಆಗಿರಲಿಲ್ಲ.

ರಿನ್ಷಾ ಕೆಳತುಟಿ ಕಚ್ಚಿದಳು, ಗದ್ದವನ್ನು ಎದೆಗೆ ತಾಗಿಸಿದಳು. ಎಲ್ಲ ಸರಿಯಾಗಿತ್ತು. ಭುಜ ಮಾತ್ರ ಅಲುಗಲಿಲ್ಲ.

"ಚೆಂದ, ಚೆಂದ," ಎಂದರು ಮಾಷ್. "ಆದರೆ ಆ ಕಣ್ಣೀರು ಎಲ್ಲಿ?"

ರಿನ್ಷಾ ಸಫ್ವಾನಾಳ ಕಡೆ ನೋಡದೆ ಮಾಷ್‌ರನ್ನೇ ಕೇಳಿದಳು. "ಅಳು ಬೇಕಾ ಮಾಷ್, ನಗು ಬೇಕಾ? ಯಾವುದು ಅಂತ ಹೇಳಿ. ಈಗ ಎರಡೂ ಬರ್ತದೆ."

"ಶಾಬಾಸ್, ಇವಳು ಕಲಾವಿದೆ," ಎಂದು ಮಾಷ್ ತೊಡೆ ತಟ್ಟಿಕೊಂಡರು. "ಮೊದಲಿಂದ ಬರ್ಲಿ. ಸಫ್ವಾನಾ, ಹಾಡು."

ನಿನ್ನ ಮುಖ ಹುಣ್ಣಿಮೆ ಎಂದು ಸಫ್ವಾನಾ ಆ ಮುಖವನ್ನೇ ನೋಡುತ್ತ ಹಾಡಿದಳು. ನಗುವೂ ಅಳುವೂ ಈಗ ಮಾಷ್ ಕೇಳಿದಂತೆ, ಆ ಮುಖದಿಂದ ಸಫ್ವಾನಾಳಿಗೆಂದು ಏನೂ ಬರಲಿಲ್ಲ.