ಸೂಸೈಯ ಬೊಟ್ಟು

ಚಕ್ರ ಬಿಚ್ಚಿದ್ದ ಲಾರಿಯ ಬಲಗಡೆಯ ಬ್ರೇಕ್ ಡ್ರಮ್ಮು ಕಳಚಿಕೊಂಡು ನೆಲಕ್ಕೆ ಬಿದ್ದಾಗ ಎದ್ದ ಧೂಳನ್ನು ಸೂಸೈ ಬಾಯಿಂದ ಊದಿ, ಗೆದ್ದವನ ಹಾಗೆ ಹಿಂದಿರುಗಿ ನೋಡಿದ.

"ಬಾರೋ ಸವರಿ, ಕಣ್ಣಾರೆ ನೋಡ್ಕೊ. ಬ್ರೇಕ್ ಶೂ ಹೊಸದು, ಸ್ಪ್ರಿಂಗು ಹೊಸದು. ಮೂರು ಗಂಟೆಗೆ ಇನ್‌ಸ್ಪೆಕ್ಟರ್ ಲಾರಿ ನೋಡೋಕೆ ಬಂದಾಗ್ಲೂ ಅದೇ ಸುಳ್ಳು ಹೇಳ್ತೀಯೋ, ಹೇಗೆ?"

ಸವರಿಮುತ್ತು ಉಪ್ಪಿನ ರಾಶಿಗೆ ಹೊದಿಸಿದ್ದ ತಾಳೆಗರಿಯ ನೆರಳಲ್ಲಿ ಕೂತಿದ್ದ. ಮುರಿದ ಎಡಗೈ ಕುತ್ತಿಗೆಯಿಂದ ಜೋತುಬಿದ್ದಿತ್ತು. ಸೂಸೈಯ ಹೆಂಡತಿ ಮದಲೇನಳ ತಮ್ಮ ಅವನು. ಹೋದ ಗುರುವಾರ ಇದೇ ಲಾರಿಯಲ್ಲಿ ಉಪ್ಪು ಹೇರಿಕೊಂಡು ಹಾರ್ಬರಿನ ಸೇತುವೆ ಇಳಿಯುವಾಗ ಬ್ರೇಕ್ ತುಳಿದಿದ್ದ. ಲಾರಿ ನಿಲ್ಲುವ ಬದಲು ಎಡಕ್ಕೆ ಎಳೆದುಕೊಂಡು ಹೋಗಿ, ಉಪ್ಪಿನ ಗದ್ದೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಪೇಚ್ಚಿಯಮ್ಮಾಳನ್ನು ಕಟ್ಟೆಗೆ ಒತ್ತಿಬಿಟ್ಟಿತು. ಆಸ್ಪತ್ರೆಯಲ್ಲಿ ಅವಳ ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆದರು.

"ಬಲಗಡೆ ಚಕ್ರ ಹಿಡೀಲೇ ಇಲ್ಲ" ಎಂದು ಸವರಿ ಕಂಡಕಂಡವರಿಗೆಲ್ಲ ಹೇಳಿದ. ಯಾರು ನಂಬುತ್ತಾರೆ? ತೂತ್ತುಕುಡಿಯ ಉಪ್ಪಿನ ಲಾರಿಗಳಲ್ಲಿ ಎರಡು ವರ್ಷಕ್ಕೆ ಕಬ್ಬಿಣ ಹುಣ್ಣು ಹಿಡಿದು ಉದುರುತ್ತದೆ. ಸೂಸೈ ನೋಡಿಕೊಳ್ಳುವ ಲಾರಿಗಳು ಮಾತ್ರ ಹದಿನೈದು ವರ್ಷ ಓಡುತ್ತವೆ. ಗ್ರೀಸ್ ಹೊಡೆದಾದ ಮೇಲೆ, ಗ್ರೀಸ್ ಒಳಹೋಗುವ ನಿಪ್ಪಲ್ಲಿನ ತಲೆಯ ಮೇಲೆ ಹೆಬ್ಬೆರಳಿನಿಂದ ಒಂದು ಚೂರು ಗ್ರೀಸನ್ನು ಒತ್ತಿ ಬಿಡುವುದು ಅವನ ಪದ್ಧತಿ. ಉಪ್ಪುನೀರು ಒಳಗೆ ಇಳಿಯದಿರಲೆಂದು. ಡ್ರೈವರುಗಳು ಅದಕ್ಕೆ ಸೂಸೈಯ ಬೊಟ್ಟು ಅನ್ನುತ್ತಾರೆ. ಬೊಟ್ಟು ಕಂಡರೆ ಮುಗಿಯಿತು, ಮತ್ತೆ ಬಗ್ಗಿ ನೋಡುವವರಿಲ್ಲ.

ಪೊಲೀಸರು ಕೇಳಿದಾಗ ಸೂಸೈ ಎಲ್ಲರೆದುರು ಹೇಳಿದ್ದ: "ನಾನು ಗ್ರೀಸ್ ಹೊಡೆದ ಬ್ರೇಕು ಹಿಡೀದೆ ಹೋಗಲ್ಲ. ಇವನೇ ಕುಡಿದಿರಬೇಕು." ಸವರಿ ವೇಳಾಂಕಣ್ಣಿ ಮಾತೆಗೆ ಹರಕೆ ಹೊತ್ತು ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ಸೂಸೈಯ ಮಾತೇ ನಿಂತಿತು. ಲೈಸೆನ್ಸು ಠಾಣೆಯಲ್ಲಿತ್ತು. ಮದಲೇನ್ ಒಡಹುಟ್ಟಿದವನ ಜೊತೆ ಐದು ದಿನದಿಂದ ಮಾತು ಬಿಟ್ಟಿದ್ದಳು.

ಸವರಿ ಎದ್ದು ಬಂದ. ಶೂ ನೋಡಲಿಲ್ಲ, ಕೆಳಗೆ ಬಿದ್ದಿದ್ದ ಡ್ರಮ್ಮನ್ನು ಕಾಲಿನಿಂದ ಹೊರಳಿಸಿದ. "ಭಾವ, ಇದರ ಒಳಗೆ ಯಾಕೆ ಇಷ್ಟು ಕೆಂಪಗಿದೆ?"

"ಐದು ದಿನ ಸಮುದ್ರದ ಗಾಳಿಗೆ ನಿಂತಿದೆ. ಇನ್ನೇನು ಬೆಳ್ಳಗಿರುತ್ತಾ?"

ಹೇಳಿದ್ದೇನೋ ಹೇಳಿದ. ಆಮೇಲೆ ಡ್ರಮ್ಮಿನೊಳಗೆ ಬೆರಳಾಡಿಸಿ ನೋಡಿದ. ದಿನಾ ಶೂ ಉಜ್ಜುವ ಒಳಮೈ ತೊಳೆದ ತಟ್ಟೆಯ ಹಾಗೆ ನುಣ್ಣಗಿರಬೇಕು. ಇದು ಚಕ್ಕೆಚಕ್ಕೆಯಾಗಿ ಬೆರಳಿಗೆ ಬಂತು. ಐದು ದಿನದ ತುಕ್ಕಲ್ಲ ಅದು, ತಿಂಗಳುಗಳದ್ದು.

"ಲಾರಿ ಹತ್ತು. ಇಂಜಿನ್ ಹಾಕಿ, ಬ್ರೇಕಿಗೆ ಗಾಳಿ ತುಂಬಿದ ಮೇಲೆ ಮೆಲ್ಲಗೆ ತುಳಿ" ಅಂದ. ದನಿ ಆಗಲೇ ಇಳಿದಿತ್ತು.

ಸವರಿ ಒಂದೇ ಕೈಯಲ್ಲಿ ಹಿಡಿದುಕೊಂಡು ಹತ್ತಿದ. ಇಂಜಿನ್ ಸ್ವಲ್ಪ ಹೊತ್ತು ಗುಡುಗುಟ್ಟಿತು. ಸವರಿ ತುಳಿದಾಗ ಗಾಳಿ ಬುಸ್ಸೆಂದು ಬಂದು ಒತ್ತಿತು. ಶೂಗಳ ನಡುವಿನ ಕ್ಯಾಮ್ ಎಂಬ ಸರಳು ತಿರುಗಿ ಎರಡನ್ನೂ ಅಗಲಿಸಬೇಕು. ಅದು ಅಲುಗಲಿಲ್ಲ. "ಇನ್ನೊಂದ್ಸಲ" ಅಂದ ಸೂಸೈ. ಮತ್ತೆ ಬುಸ್ಸೆಂದಿತು. ಸರಳು ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತೇ ಇತ್ತು.

ಬಿಸಿಲಿಗೆ ಉಪ್ಪಿನ ಗದ್ದೆಗಳು ಕಣ್ಣು ಬಿಡಲಾಗದಷ್ಟು ಹೊಳೆಯುತ್ತಿದ್ದವು.

ಸೂಸೈ ಶೂಗಳ ಹಿಂದೆ ಕೈ ತೂರಿಸಿ ನಿಪ್ಪಲ್ ಹುಡುಕಿದ. ಬೊಟ್ಟು ಇಟ್ಟಲ್ಲೇ ಇತ್ತು. ಒರೆಸಿದರೆ ಅದರಡಿಯಲ್ಲಿ ಬೆಳ್ಳನೆಯ ಉಪ್ಪಿನ ಹಕ್ಕಳೆ. ಉಗುರಿನಿಂದ ಕೆರೆದ, ಬರಲಿಲ್ಲ. ಗ್ರೀಸ್ ಗನ್ ಕಚ್ಚಿಸಿ ಒತ್ತಿದ. ಗ್ರೀಸ್ ಒಳಗೆ ಹೋಗದೆ ಗನ್ನಿನ ಮೂತಿಯ ಸುತ್ತಲಿಂದ ಹೊರಗೆ ಉಕ್ಕಿ ಬಂತು. ತಿಂಗಳು ತಿಂಗಳೂ ಹೀಗೇ ಉಕ್ಕುತ್ತಿದ್ದುದು ಅವನಿಗೆ ಗೊತ್ತಿತ್ತು. ತುಂಬಿತು ಅಂದುಕೊಂಡು ಹೆಬ್ಬೆರಳು ಒತ್ತಿ ಮುಂದಿನ ಲಾರಿಗೆ ಹೋಗುತ್ತಿದ್ದ.

ಸವರಿ ಇಳಿದು ಬಂದ. ಬೆನ್ನ ಮೇಲೆ ಮಲಗಿ ಲಾರಿಯಡಿಗೆ ಸರಿದ.

"ಭಾವ."

"ಹೇಳು."

"ಸರಳಿನ ಈ ತುದೀಲಿ ಗ್ರೀಸೇ ಬಂದಿಲ್ಲ. ಹಳೇ ಗ್ರೀಸು ಕಲ್ಲಾಗಿದೆ. ಆ ಕಡೆ ಹೊಡೆದದ್ದು ಈ ಕಡೆ ಬರೋವರೆಗೂ ಕಾಯಬೇಕು ಅಂತ ನನಗೆ ಹೇಳಿಕೊಟ್ಟವನೇ ನೀನು. ಲಾರಿ ಅಡಿಗೆ ಇಳಿದು ನೋಡಲಿಲ್ವಾ?"

ಸೂಸೈ ಗ್ರೀಸ್ ಗನ್ನಿನ ಮೂತಿ ಒರೆಸತೊಡಗಿದ.

"ಕೇಳಿದ್ದಕ್ಕೆ ಹೇಳು ಭಾವ. ಎಷ್ಟು ದಿನ ಆಯ್ತು ಅಡಿಗೆ ಇಳಿದು?"

"ಮಂಡಿ ಬಗ್ಗಲ್ಲ ಕಣೋ."

"ಎಷ್ಟು ದಿನ?"

"ಎರಡು ವರ್ಷ."

ಹೆಂಡತಿಗೂ ಹೇಳಿರಲಿಲ್ಲ. ಚರ್ಚಿನಲ್ಲಿ ಮಂಡಿಯೂರುವಾಗ ಹಿಂದಿನ ಸಾಲಿಗೆ ಹೋಗಿ ಬೆಂಚಿನ ಅಂಚಿಗೆ ಒರಗಿ ನಿಲ್ಲುತ್ತಿದ್ದ. ಅಡಿಗೆ ಇಳಿಯಲಾಗದ ಮೆಕ್ಯಾನಿಕ್ ಯಾರಿಗೆ ಬೇಕು? ಪಕ್ಕದಿಂದ ಕೈ ಹಾಕಿದರೆ ಸಾಕಾಗುತ್ತದೆ, ಮೂವತ್ತು ವರ್ಷದ ಕೈಗೆ ಕಣ್ಣು ಬೇಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಪೇಚ್ಚಿಯಮ್ಮಾಳ ಮಂಡಿ ನೆನಪಾಯಿತು. ಲಾರಿಯನ್ನು ಹಿಡಿದುಕೊಂಡು ನಿಂತ.

ಸವರಿ ಹೊರಗೆ ಬಂದು ಬೆನ್ನಿಗೆ ಅಂಟಿದ ಉಪ್ಪು ಕೊಡವಿಕೊಂಡ. ಅವನಿಗೆ ಸಿಟ್ಟೂ ಬಂದಂತಿರಲಿಲ್ಲ. ಅದಕ್ಕೇ ಸೂಸೈಗೆ ಇನ್ನಷ್ಟು ಭಯವಾಯಿತು.

"ಸುತ್ತಿಗೆ ಅಲ್ಲೇ ಇದೆ ಭಾವ. ಸೀಮೆಣ್ಣೆ ಬಿಟ್ಟು ನಾಲ್ಕು ಏಟು ಹಾಕಿದ್ರೆ ಸರಳು ಬಿಟ್ಕೊಳ್ಳುತ್ತೆ. ಮೂರು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ. ನಾನು ಹೆಂಗಿದ್ರೂ ಕುಡುಕ."

ನಿಜ ಹೇಳಬೇಕೆಂದರೆ, ಸೂಸೈ ಸುತ್ತಿಗೆಯ ಕಡೆ ನೋಡಿದ. ಒಂದು ಗಳಿಗೆ ಕೈಯೂ ಅತ್ತ ಹೋಯಿತು.

ಆಗ ಹಾರ್ನ್ ಕೇಳಿಸಿತು. ತೂಕದ ಮನೆಯಿಂದ ಮಾಡಸಾಮಿಯ ಲಾರಿ ಹೊರಟಿತ್ತು, ಮೇಲಿನವರೆಗೆ ಉಪ್ಪು ತುಂಬಿಕೊಂಡು, ಸೇತುವೆಯ ದಾರಿಗೆ. ನಿನ್ನೆ ಬೆಳಿಗ್ಗೆ ಆ ಲಾರಿಗೆ ಗ್ರೀಸ್ ಹೊಡೆದಿದ್ದ. ಅದಕ್ಕೂ, ಅದರ ಹಿಂದೆ ಸಾಲಾಗಿ ನಿಂತ ಹತ್ತಕ್ಕೂ. ಹನ್ನೊಂದಕ್ಕೂ ಬೊಟ್ಟು ಇಟ್ಟಿದ್ದ.

ಸುತ್ತಿಗೆ ಇದ್ದಲ್ಲೇ ಉಳಿಯಿತು. ಬಗ್ಗದ ಮಂಡಿಗಳನ್ನು ಎಳೆದುಕೊಂಡು ಓಡಿದ, ಗೇಟಿನ ನಡುವೆ ಎರಡೂ ಕೈ ಚಾಚಿ ನಿಂತ. ನಿಂತ ಮೇಲೆಯೇ ಅವನಿಗೆ ಹೊಳೆದದ್ದು, ಈ ಲಾರಿಯೂ ನಿಲ್ಲದಿರಬಹುದು ಎಂದು.

"ಭಾವ, ಪಕ್ಕಕ್ಕೆ ಸರಿಯೋ!" ಹಿಂದಿನಿಂದ ಸವರಿ ಕೂಗಿದ.

ಸೂಸೈ ಸರಿಯಲಿಲ್ಲ. ಲಾರಿ ಕಿರ್ರೆಂದು ಎಡಕ್ಕೆ ಎಳೆದುಕೊಂಡಿತು, ಗೇಟಿನ ಕಂಬಕ್ಕೆ ಕನ್ನಡಿ ತಾಗಿ ಒಡೆಯಿತು, ಅವನ ಎದೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು.

ಮಾಡಸಾಮಿ ತಲೆ ಹೊರಗೆ ಹಾಕಿದ. "ಏನಣ್ಣ, ಜೀವ ಬೇಜಾರಾಗಿದೆಯಾ? ಅಡ್ಡ ನಿಲ್ಲೋದಾ ಹಿಂಗೆ? ಸ್ಟಿಯರಿಂಗು ಯಾಕೋ ಎಳೀತಪ್ಪ. ಬ್ರೇಕಿನ ಚಿಂತೆ ನನಗಿಲ್ಲ, ನಿನ್ನ ಬೊಟ್ಟು ಇದೆಯಲ್ಲ."

ಸೂಸೈ ನೆಲ ನೋಡಿದ. ಬಿಳಿ ಉಪ್ಪು ಕೂತ ಮಣ್ಣಿನ ಮೇಲೆ ಎಡಗಡೆಯ ಮುಂದಿನ ಚಕ್ರ ಉಜ್ಜಿದ ಕಪ್ಪು ಗೀರು ಎರಡು ಮಾರು ಉದ್ದಕ್ಕೆ ಬಿದ್ದಿತ್ತು. ಬಲಗಡೆ ಟೈರಿನ ಅಚ್ಚು ಮಾತ್ರ ಒಂದೂ ಕೆಡದೆ, ಉರುಳಿಕೊಂಡು ಬಂದ ಹಾಗೆಯೇ ಇತ್ತು.

"ಇಳಿ" ಅಂದ. "ಕೀ ತಗೊಂಡು ಇಳಿ. ಹಿಂದಿನೋರಿಗೂ ಇಳಿಯೋಕೆ ಹೇಳು. ಸವರಿ ಕುಡಿದಿರಲಿಲ್ಲ."

"ಏನಂದೆ?"

"ಸವರಿ ಕುಡಿದಿರಲಿಲ್ಲ ಕಣೋ ಮಾಡಸಾಮಿ. ಅವಳ ಕಾಲು ತೆಗೆದದ್ದು ನಾನು."

ಮಾಡಸಾಮಿ ಬಾಗಿಲು ತೆರೆದವನು ಹಾಗೇ ಕೂತುಬಿಟ್ಟ. ಹಿಂದಿನ ಲಾರಿಗಳು ಯಾಕೆ ತಡ ಅಂತ ಹಾರ್ನ್ ಹೊಡೆಯುತ್ತಿದ್ದವು, ಒಂದೊಂದಾಗಿ ಸುಮ್ಮನಾದವು.

ಸೂಸೈ ಬಂಪರು ಹಿಡಿದು ಬಲಗಡೆಯ ಚಕ್ರದ ಹತ್ತಿರ ಬಂದ. ಸವರಿ ಹಿಂದೆ ಬಂದು ನೆಟ್ಟಗಿದ್ದ ಕೈಯನ್ನು ಅವನ ಕಂಕುಳಡಿ ಕೊಟ್ಟ. ಸೂಸೈ ಮೊದಲು ಒಂದು ಮಂಡಿಯನ್ನು ಉಪ್ಪಿನ ಮೇಲೆ ಊರಿದ, ಹಲ್ಲು ಕಚ್ಚಿಕೊಂಡು ಇನ್ನೊಂದನ್ನೂ ಊರಿದ, ಆಮೇಲೆ ಬೆನ್ನ ಮೇಲೆ ಮಲಗಿ ಲಾರಿಯಡಿಗೆ ಸರಿದ.