ಗೋಡೆಯಾಚೆಯ ಬಿಸಿನೀರು

ನಲ್ಲಿ ತಿರುಗಿಸಿದರೆ ಬಿಸಿನೀರು ಬರುವುದು ಭಾಗ್ಯ ಎನ್ನುವ ಕಾಲ ಇನ್ನೂ ಬಂದಿರಲಿಲ್ಲ. ತಣ್ಣೀರು ಬಂದರೇ ಚಾಮರಾಜಪೇಟೆಯವರು ಬಾಯಿಬಿಟ್ಟು ನೋಡುತ್ತಿದ್ದರು. ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಹರಿದುಬಂದು ಎರಡು ವರ್ಷವಾಗಿತ್ತಷ್ಟೆ. ಹೀಗಿರುವಾಗ ಭಾದ್ರಪದದ ಒಂದು ಮಧ್ಯಾಹ್ನ ಸರ್ವಮಂಗಳೆ ಅಡಿಗೆಮನೆಯ ನಲ್ಲಿಗೆ ಕೈಯೊಡ್ಡಿದವಳು ಕೆಂಡ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು. ಕಂಕುಳಲ್ಲಿದ್ದ ಆರು ತಿಂಗಳ ಕೂಸಿನ ಕಾಲಿಗೂ ನಾಲ್ಕು ಹನಿ ಸಿಡಿದು ಅದು ಕಿರುಚಿಕೊಂಡಿತು.

ಮೊದಲು ಬಿಸಿಲಿಗೆ ಕೊಳವೆ ಕಾದಿದೆ ಅಂದುಕೊಂಡಳು. ಒದ್ದೆ ಗೋಣಿತಾಟು ಹೊದಿಸಿದಳು. ಮರುದಿನ ಆಕಾಶದ ತುಂಬ ಮೋಡ, ಆದರೂ ಅದೇ ಬಿಸಿ. ಪಾತ್ರೆ ತೊಳೆಯುವ ಪಿಳ್ಳಮ್ಮ, ಇದು ಅಮ್ಮನ ಸಿಟ್ಟು, ಮೊಸರನ್ನದ ತಣಿವು ಕೊಡಬೇಕು ಅಂದಳು. ಪಕ್ಕದ ಮನೆಯವರನ್ನು ವಿಚಾರಿಸಿದರೆ ಅವರ ನಲ್ಲಿಯಲ್ಲಿ ತಣ್ಣೀರೇ. ಅಮ್ಮನಿಗೆ ಸಿಟ್ಟಿದ್ದರೆ ಒಂದೇ ಮನೆಯ ಕೊಳವೆ ಹುಡುಕಿಕೊಂಡು ಬರುವಳೇ? ಸರ್ವಮಂಗಳೆ ಹಿತ್ತಲಿಗೆ ಹೋಗಿ ಕೊಳವೆಯ ಉದ್ದಕ್ಕೂ ಅಂಗೈ ಇಟ್ಟು ನೋಡುತ್ತ ನಡೆದಳು. ಬೀದಿಯ ಕಡೆ ತಣ್ಣಗಿತ್ತು. ನಡುಗೋಡೆ ಹತ್ತಿರವಾದಂತೆ ಬೆಚ್ಚಗಾಯಿತು. ಗೋಡೆಯೊಳಗೆ ತೂರುವ ಕಡೆ ಕೈ ಇಡಲಾಗಲಿಲ್ಲ.

ಗೋಡೆಯಾಚೆ ಭಾವ ವೃಷಭೇಂದ್ರಪ್ಪನ ಪಾಲು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಮಾತಿಗೆ ಈ ಮನೆಯೇ ಸಾಕ್ಷಿ. ಮಾವ ತೀರಿಕೊಂಡ ವರ್ಷವೇ ಅವನೂ ಅವಳ ಗಂಡ ಮಲ್ಲಿಕಾರ್ಜುನಯ್ಯನೂ ಒಂದೇ ಸೂರಿನ ಕೆಳಗೆ ಗೋಡೆ ಎಬ್ಬಿಸಿ ಬೇರೆಯಾಗಿದ್ದರು. ಮಾವ ದಂಡಿನ ಹರಾಜಿನಲ್ಲಿ ತಂದು ಕೂರಿಸಿದ್ದ ತಾಮ್ರದ ಬಾಯ್ಲರು ಅಣ್ಣನಿಗೆ, ಹಿತ್ತಲ ಸವುಳು ನೀರಿನ ಬಾವಿ ತಮ್ಮನಿಗೆ. ಒಲೆ, ಒರಳು, ಕೊನೆಗೆ ಕರಿಬೇವಿನ ಗಿಡವನ್ನೂ ಹಂಚಿಕೊಂಡ ಮಹಾನುಭಾವರಿಗೆ ನೀರಿನ ಕೊಳವೆ ಹಂಚುವುದು ಮಾತ್ರ ತೋಚಲಿಲ್ಲ. ಅದು ಬೀದಿಯಿಂದ ತಮ್ಮನ ಪಾಲಿಗೆ ಬಂದು, ಗೋಡೆ ತೂರಿ ಅಣ್ಣನ ಬಚ್ಚಲುಮನೆಗೆ ಹೋಗುತ್ತಿತ್ತು. ಅತ್ತೆ ದಾಕ್ಷಾಯಣಮ್ಮ ಇದ್ದದ್ದು ಹಿರಿಯ ಮಗನ ಕಡೆ.

ಮಕ್ಕಳು ಮಾತು ಬಿಟ್ಟರೂ ಆಕೆ ಬಿಟ್ಟಿರಲಿಲ್ಲ. ದಿನವೂ ಹಿತ್ತಲ ಬಾಗಿಲಿನಿಂದ ಬಂದು ಕಾಲು ನೀಡಿ ಕೂತು ಕೂಸಿಗೆ ಎಣ್ಣೆ ನೀರು ಹಾಕುತ್ತಿದ್ದಳು. ಈಗ ಕೆಲವು ದಿನಗಳಿಂದ ಬಂದಿರಲಿಲ್ಲ. ಆ ಬಾಗಿಲಿಗೆ ಆಚೆ ಕಡೆಯಿಂದ ಅಗುಳಿ ಬಿದ್ದಿತ್ತು. ಕಾದ ಕೊಳವೆಯ ಮುಂದೆ ನಿಂತ ಸರ್ವಮಂಗಳೆಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಲಿಂಗಪೂಜೆಯ ಸ್ನಾನ ಬೆಳಗ್ಗೆಯೇ ಮುಗಿಯುವ ಮನೆಯಲ್ಲಿ ದಿನವಿಡೀ ಒಲೆ ಉರಿಯುವುದು ಯಾರಿಗಾಗಿ? ಮೈಯಲ್ಲೆದ್ದ ಗೆಡ್ಡೆಗೆ ಶಾಖ ಕೊಡಲು, ಬಟ್ಟೆ ಕುದಿಸಲು. ಊರಿಗೆ ಬಂದಿದ್ದ ಪ್ಲೇಗು ಆಚೆ ಯಾರಿಗೋ ತಗುಲಿತ್ತು.

ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಒಂದು ಮನೆಯಲ್ಲಿ ರೋಗವೆಂದು ತಿಳಿದರೆ ಆ ಸೂರಿನ ಕೆಳಗಿದ್ದವರನ್ನೆಲ್ಲ ಗಾಡಿಯಲ್ಲಿ ಹೇರಿ ಊರಾಚೆಯ ಶೆಡ್ಡುಗಳಿಗೆ ಕಳಿಸಿ, ಬಿಸಿಲು ಬೀಳಲೆಂದು ಮನೆಯ ಹೆಂಚು ಇಳಿಸುತ್ತಿದ್ದರು. ಹಿಂದಿನ ಬೀದಿಯ ಬಾಣಂತಿಯ ಕೂಸು ಅಲ್ಲಿನ ಮಳೆಗಾಳಿಗೆ ಸತ್ತಿದ್ದನ್ನು ಅವಳು ಕೇಳಿದ್ದಳು. ಅವಳಿಗೋ ಮುಂಚಿನ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಈ ಕೂಸು ಉಳಿಯಬೇಕು, ಅಷ್ಟೆ. ಲೋಕದಲ್ಲಿ ಬೇರೇನು ಉಳಿದರೂ ಅಳಿದರೂ ಅವಳಿಗೆ ಆಗ ಒಂದೇ ಆಗಿತ್ತು. ಆದರೆ ಸುಮ್ಮನಿದ್ದರೆ ಆ ಮನೆಯ ನೀರು ದಿನವೂ ಇಲ್ಲಿ ಹರಿಯುತ್ತದೆ. ಅದೇ ನೀರಿನಲ್ಲಿ ಕೂಸಿನ ಬಟ್ಟೆ ಒಗೆದಿದ್ದಳು. ಬಿಸಿತುಪ್ಪ ಬಾಯಲ್ಲಿತ್ತು, ನುಂಗಲಾರಳು, ಉಗುಳಲಾರಳು.

ಮಲ್ಲಿಕಾರ್ಜುನಯ್ಯನಿಗೆ ಇದಾವುದೂ ತಿಳಿಯದು. ನಗರ್ತಪೇಟೆಯ ಅಂಗಡಿಯಿಂದ ಬಂದವನು ಇದು ಅಣ್ಣನ ಕಿತಾಪತಿಯೇ ಎಂದು ತೀರ್ಮಾನಿಸಿ, ವರ್ಷದ ಮೇಲೆ ಮೊದಲ ಸಲ ಅವನ ಬಾಗಿಲು ಬಡಿದ. ಬಾಗಿಲು ತೆರೆಯಲಿಲ್ಲ. ಈಗಾಗುವುದಿಲ್ಲ, ಹದಿನೈದು ದಿನ ಬಿಟ್ಟು ನೋಡೋಣ ಎಂಬ ಮಾತಷ್ಟೇ ಒಳಗಿನಿಂದ ಬಂತು. ಒಡಹುಟ್ಟಿದವನನ್ನು ಬೀದಿಯಲ್ಲಿ ನಿಲ್ಲಿಸಿ ಮಾತಾಡುತ್ತಾನಲ್ಲ ಎಂದು ಮಲ್ಲಿಕಾರ್ಜುನಯ್ಯ ಕುದಿದುಹೋದ. ನಲ್ಲಿ ಕೆಲಸದ ಮುನಿಗಂಗಪ್ಪನಿಗೆ ಹೇಳಿಕಳಿಸಿ, ಗೋಡೆಯ ಹತ್ತಿರ ಕೊಳವೆ ಕತ್ತರಿಸಿ ಮುಚ್ಚಿಸು ಎಂದು ಹೆಂಡತಿಗೆ ಅಪ್ಪಣೆ ಮಾಡಿ ಬೆಳಗ್ಗೆ ಅಂಗಡಿಗೆ ಹೋದ.

ಮುನಿಗಂಗಪ್ಪ ಕೊಳವೆ ಮುಟ್ಟಿ ನೋಡಿದ. ಬೀದಿ ನೀರು ಜೋರಾಗಿರುವಾಗ ಏನೂ ಆಗುವುದಿಲ್ಲ, ಮಧ್ಯಾಹ್ನ ಅದು ಸೊರಗಿದಾಗ ಈ ಕಡೆ ನಲ್ಲಿ ಬಿಟ್ಟರೆ ಎತ್ತರದ ಬಾಯ್ಲರಿನಿಂದ ನೀರು ಹಿಂದಕ್ಕೆ ಹರಿಯುತ್ತದೆ ಎಂದು ವಿವರಿಸಿದ. ಮೊದಲು ಬೆಳಗ್ಗೆ ಮಾತ್ರ ಒಲೆ ಉರಿಯುತ್ತಿದ್ದುದರಿಂದ ಗೊತ್ತಾಗಿರಲಿಕ್ಕಿಲ್ಲ. ಆಚೆ ಹೋಗಿ, ಬಾಯ್ಲರಿನ ಬುಡಕ್ಕೆ ನೀರನ್ನು ಹಿಂದಕ್ಕೆ ಬಿಡದ ಒಂದು ವಾಲ್ವು ಕೂರಿಸಿದರೆ ಮುಗಿಯಿತು, ಕತ್ತರಿಸುವುದೇಕೆ ಅಂದ. ಆಚೆಯವರು ಬಾಗಿಲು ತೆರೆಯುವುದಿಲ್ಲ ಅಂದಳು ಅವಳು. ಅವನು ಗರಗಸ ಕೈಗೆತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ಅಮ್ಮಾ, ಆ ಕಡೆ ಬಾವಿ ಐತಾ? ಕುಡಿಯೋ ನೀರು ನಿಲ್ಸಿದ ಪಾಪ ನಂಗ್ಬೇಡ."

ಬಾವಿ ಅವನ ಬೆನ್ನ ಹಿಂದೆಯೇ ಇತ್ತು. ಆಚೆ ಒಂದು ತೊಟ್ಟಿಯೂ ಇರಲಿಲ್ಲ. ಕೂಸು ಅವಳ ಸೆರಗು ಹಿಡಿದು ಜಗ್ಗುತ್ತಿತ್ತು.

"ಇದೆ," ಅಂದಳು ಸರ್ವಮಂಗಳೆ. "ಅವರಿಗೂ ಒಂದು ಬಾವಿ ಇದೆ. ನೀವು ಮುಚ್ಚಿಬಿಡಿ."

ಅವನು ಕತ್ತರಿಸಿ, ಮರದ ಬೆಣೆ ಹೊಡೆದು, ಸೀಸ ಹುಯ್ದು ಹೋದ. ಮಧ್ಯಾಹ್ನ ನಲ್ಲಿಯಲ್ಲಿ ಬಂದದ್ದು ತಣ್ಣನೆಯ ನೀರು. ಅವಳಿಗೆ ನೆಮ್ಮದಿಯಾಯಿತು, ನೆಮ್ಮದಿಯಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನ ಸಂಜೆ ಆಚೆಯಿಂದ ಕೊಳವೆಯ ಮೇಲೆ ಯಾರೋ ಕುಟ್ಟುವ ಸದ್ದು ಕೇಳಿತು. ಬಾಯ್ಲರಿನಲ್ಲಿ ಉಳಿದಿದ್ದ ನೀರು ಮುಗಿದಿರಬೇಕು. ಬೇಕಾದರೆ ಬಾಗಿಲಿಗೆ ಬಂದು ಕೇಳಲಿ, ನಾನೇನು ಅವನ ಹಾಗೆ ಬಾಗಿಲು ಹಾಕಿಕೊಂಡಿಲ್ಲ ಎಂದು ಗಂಡ ಊಟಕ್ಕೆ ಕೂತ. ಸರ್ವಮಂಗಳೆ ಬಡಿಸಿಟ್ಟು ಎದ್ದಳು. ಒಂದು ಬಿಂದಿಗೆ ತುಂಬಿಕೊಂಡು ಹಿತ್ತಲ ಗೋಡೆಯ ತನಕ ಹೋದಳು. ಗೋಡೆ ಎದೆಯುದ್ದವಷ್ಟೇ, ಎತ್ತಿ ಆಚೆ ಇಳಿಸಿದ್ದರೆ ಆಗುತ್ತಿತ್ತು. ಇಳಿಸಿದರೆ ತನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಾಗುತ್ತದೆ. ನಾಳೆ ಯಾರಾದರೂ ಈಚೆ ಬರುತ್ತಾರೆ, ಕೂಸನ್ನು ಮುಟ್ಟುತ್ತಾರೆ. ಬಿಂದಿಗೆಯ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು ಒಳಗೆ ಬಂದಳು. ಕುಟ್ಟುವ ಸದ್ದು ಸ್ವಲ್ಪ ಹೊತ್ತಿಗೆ ನಿಂತಿತು, ಮತ್ತೆ ಕೇಳಲಿಲ್ಲ.

ಅದರ ಮಾರನೆಯ ಬೆಳಗ್ಗೆ ವೃಷಭೇಂದ್ರಪ್ಪ ತಾನೇ ಕೊಡ ಹಿಡಿದು ಬೀದಿ ನಲ್ಲಿಗೆ ಬಂದ. ಮನೆಯೊಳಗೆ ನಲ್ಲಿ ಇರುವ ಯಜಮಾನ, ಗಡ್ಡ ಬಿಟ್ಟುಕೊಂಡು, ಕೆಂಗಣ್ಣಾಗಿ, ಬೀದಿಯಲ್ಲಿ ಕೊಡ ಹಿಡಿದು ನಿಂತರೆ ಜನ ಕೇಳದೆ ಬಿಡುತ್ತಾರೆಯೇ? ಆ ದಿನಗಳಲ್ಲಿ ಸೀನಿದರೂ ಸುದ್ದಿಯಾಗುತ್ತಿತ್ತು. ಹೊತ್ತು ನೆತ್ತಿಗೇರುವುದರೊಳಗೆ ಪ್ಲೇಗಿನ ಸಿಬ್ಬಂದಿ ಬಾಗಿಲಲ್ಲಿತ್ತು. ಒಳಗೆ ದಾಕ್ಷಾಯಣಮ್ಮ ಸತ್ತು ಮಲಗಿದ್ದಳು. ಹೆಣವನ್ನು ಮೀಯಿಸಿ, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಲು ಅವರು ಬಿಡಲಿಲ್ಲ. ಹಾಗೆಯೇ ಸುಣ್ಣ ಸುರಿದು ಕೊಂಡೊಯ್ದರು. ಮಲ್ಲಿಕಾರ್ಜುನಯ್ಯ ಬೀದಿಯಲ್ಲಿ ಕುಸಿದು ಕೂತು ಮಗುವಿನ ಹಾಗೆ ಅತ್ತ. ಸೂರು ಒಂದೇ ಆದ್ದರಿಂದ ಎರಡೂ ಪಾಲಿನವರನ್ನು ಒಂದೇ ಗಾಡಿ ಹತ್ತಿಸಿದರು. ಯಾವುದು ಬರಬಾರದೆಂದು ಸರ್ವಮಂಗಳೆ ಬಾಯಿ ಹೊಲಿದುಕೊಂಡಿದ್ದಳೋ ಅದು ಬಾವಿ ಇದೆ ಎಂಬ ಅವಳ ಮಾತಿನಿಂದಲೇ ಬಂತು.

ಗಾಡಿಯಲ್ಲಿ ಓರಗಿತ್ತಿ ಗುರುಸಿದ್ದಮ್ಮ ಎದುರಿಗೆ ಕೂತಿದ್ದಳು. ಅವಳ ತುಟಿ ಒಡೆದಿತ್ತು. ಕೂಸಿನಿಂದ ಆದಷ್ಟು ದೂರ ಸರಿದು, ಮೂಗಿಗೆ ಸೆರಗು ಅಡ್ಡ ಹಿಡಿದಿದ್ದಳು. ಬಾಗಿಲು ತೆರೆಯಬೇಡಿ ಎಂದು ಆಣೆ ಹಾಕಿಸಿಕೊಂಡವಳು ಅತ್ತೆಯೇ ಅಂತ ಅವಳು ಹೇಳಿದಳು. ಬೀದಿಗೆ ಹೋದರೆ ಜನಕ್ಕೆ ತಿಳಿಯುತ್ತದೆ, ಶೆಡ್ಡಿಗೆ ಹಾಕುತ್ತಾರೆ, ಆ ಕಡೆ ಎಳೆಕೂಸಿದೆ, ಮಂಗಳೆ ಇದನ್ನೂ ಕಳಕೊಂಡರೆ ಬದುಕುವುದಿಲ್ಲ ಅಂದಿದ್ದಳಂತೆ. ಕೊನೆಯ ರಾತ್ರಿ ನೀರು ನೀರು ಅಂತ ಕೇಳಿದಳಂತೆ. ಬಾಯಿಗೆ ಬಿಡಲು ಒಂದು ಹನಿ ಇರಲಿಲ್ಲ.

ಆಮೇಲೆ, "ನಿಮ್ಮ ಕಡೆನೂ ನೀರು ನಿಂತೋಗಿತ್ತಾ ಮಂಗಳಾ?" ಅಂತ ಕೇಳಿದಳು. ಕೇಳಿದ್ದರಲ್ಲಿ ಇವರ ಮೇಲೆ ಅನುಮಾನವೇ ಇರಲಿಲ್ಲ.

ಮಲ್ಲಿಕಾರ್ಜುನಯ್ಯ ತಲೆ ತಗ್ಗಿಸಿದ. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಇನ್ನೊಂದು ಸುಳ್ಳನ್ನು ಸರ್ವಮಂಗಳೆಯ ನಾಲಿಗೆ ಎತ್ತಲಿಲ್ಲ.

"ಬರ್ತಿತ್ತು ಅಕ್ಕ. ನಾನೇ ಕಟ್ಟಿಸ್ಬಿಟ್ಟೆ. ಒಳಗೆ ಕಾಯಿಲೆ ಇದೆ ಅಂತ ನಂಗೆ ಗೊತ್ತಿತ್ತು."

ಗುರುಸಿದ್ದಮ್ಮ ಮುಖ ಹೊರಗೆ ತಿರುಗಿಸಿ ಕೂತಳು. ಶೆಡ್ಡಿನಲ್ಲಿ ಒಂದೇ ಪೀಪಾಯಿಯಿಂದ ಎಲ್ಲರಿಗೂ ನೀರು. ಅಂದು ಸಂಜೆ ಸರ್ವಮಂಗಳೆ ಮೊದಲು ಒಂದು ಚೊಂಬು ತುಂಬಿ ಅವಳ ಮುಂದೆ ಹಿಡಿದಳು. ಒಡೆದ ತುಟಿಯ ಗುರುಸಿದ್ದಮ್ಮ ಅದನ್ನು ನೋಡಿದಳು, ಎದ್ದುಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

ಕೂಸು ಬದುಕಿತು. ಸರ್ವಮಂಗಳೆಯ ಕೈಯ ನೀರನ್ನು ಗೋಡೆಯಾಚೆಯವರು ಮತ್ತೆ ಯಾರೂ ಕುಡಿಯಲಿಲ್ಲ.